ಮಣ್ಣಿನ ರುಚಿ ನೋಡುವ ಕಾಕಾ

ನಾನು ನಿಂತಿದ್ದದ್ದು ನಮ್ಮ ಅಡುಗೆಮನೆಯ ಸಿಂಕಿನ ಮುಂದೆ, ಹಿತ್ತಲಿನ ಕಡೆಗಿರುವ ಕಿಟಕಿಯ ಈಚೆ. ಊರು ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್. ಕೋವಿಡ್ ಇಳಿದು, ಜನ ಮಾಸ್ಕುಗಳನ್ನು ಕಾರಿನ ಕನ್ನಡಿಗೆ ನೇತುಹಾಕಿ ಮರೆಯಲು ಶುರುಮಾಡಿದ್ದ ವಸಂತದ ಒಂದು ಶನಿವಾರ ಬೆಳಿಗ್ಗೆ, ಎರಡನೆಯ ಕಾಫಿಯ ಹೊತ್ತು. ಕಿಟಕಿಯ ಗಾಜನ್ನು ಹಿಂದಿನ ದಿನವೇ ಒರೆಸಿದ್ದೆ. ಆದ್ದರಿಂದ ಕಂಡದ್ದರಲ್ಲಿ ತಪ್ಪಿರುವ ಸಾಧ್ಯತೆ ಇಲ್ಲ. ನನ್ನ ಹೆಂಡತಿ ಶೈಲಾಳ ಕಾಕಾ ನಮ್ಮ ಹಿತ್ತಲಿನಲ್ಲಿ ಮಂಡಿಯೂರಿ ಕೂತು ಮಣ್ಣು ತಿನ್ನುತ್ತಿದ್ದರು!

ಬಾಲಕೃಷ್ಣ ಮಣ್ಣು ತಿಂದಾಗ ಯಶೋದೆಗೆ ಅವನ ಬಾಯಲ್ಲಿ ಬ್ರಹ್ಮಾಂಡವೇ ಕಂಡಿತಂತೆ. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ನೋಡಿದಾಗ ಈ ಎಪ್ಪತ್ತು ದಾಟಿದ ಬಾಲಕೃಷ್ಣನ ಬಾಯಲ್ಲಿ ನನಗೆ ಕಂಡದ್ದು ಬಂಗಾರ ಕಟ್ಟಿಸಿದ ಒಂದು ಹಲ್ಲು, ಅದರ ಮೇಲೆ ನಮ್ಮ ಹಿತ್ತಲಿನ ಒಂದು ಅಂಶ.

"ಏನ್ ಕಾಕಾ ಇದು! ಉಗೀರಿ, ಉಗೀರಿ!"

"ಗಾಬರಿ ಆಗಬ್ಯಾಡ್ರಿ ಅಳಿಯಾರ. ತಿನ್ನಾಕತ್ತಿಲ್ಲ, ರುಚಿ ನೋಡಾಕತ್ತೀನಿ. ಹಲ್ಲಿಗೆ ಕರಕರ ಅಂದ್ರ ಉಸುಕು. ಬೆಣ್ಣಿ ಹಾಂಗ ಜಾರಿದ್ರ ಜೇಡಿ. ನಿಮ್ಮ ಹಿತ್ತಲ ಪೂರಾ ಬೆಣ್ಣಿ ಐತಿ."

ನನಗೆ ಸಂತೋಷವಾಯಿತು. ಬೆಣ್ಣೆಯಂಥ ಹಿತ್ತಲು ಯಾರಿಗೆ ಬೇಡ?

"ಸಂತೋಷ ಪಡೂದು ಏನೂ ಇಲ್ಲ" ಎಂದರು ಕಾಕಾ. "ನೀರ ಒಳಗ ಇಳಿಯೂದಿಲ್ಲ, ಇಳಿದದ್ದು ಹೊರಗ ಹೋಗೂದಿಲ್ಲ."

ಕಾಕಾ ಎಂದರೆ ಶೈಲಾಳ ತಂದೆಯ ತಮ್ಮ. ಹುಟ್ಟಿದ್ದು ಗದಗಿನ ಕಡೆಯ ಕರಿಮಣ್ಣಿನಲ್ಲಿ. ಬದುಕಿದ್ದು ಓಹಾಯೋದ ವಾಯವ್ಯ ಮೂಲೆಯಲ್ಲಿ. ಅಲ್ಲಿ ಹೊಲದಿಂದ ಹೊಲಕ್ಕೆ ನಡೆದು, ಮಣ್ಣು ಕೊರೆದು, ಎಲ್ಲೆಲ್ಲಿ ಯಾವ ಮಣ್ಣಿದೆ ಎಂದು ನಕ್ಷೆ ಬರೆಯುವ ಕೆಲಸ. ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮೇಲೆ, ಇದ್ದಕ್ಕಿದ್ದಂತೆ ಅಲ್ಲಿಯ ಮನೆ ಮಾರಿ, ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದುಕೊಂಡು ನಮ್ಮ ಪಕ್ಕದ ಬೀದಿಯ ಟೌನ್‌ಹೋಮಿಗೆ ಬಂದಿದ್ದರು. ಚಳಿ ತಾಳಲಾರದೆ ಬಂದರು ಎಂದು ನಾವೆಲ್ಲ ತಿಳಿದಿದ್ದೆವು. ಟೌನ್‌ಹೋಮಿಗೆ ಹಿತ್ತಲಿಲ್ಲವಲ್ಲ, ಅದಕ್ಕೇ ನಮ್ಮ ಹಿತ್ತಲಿನ ಮೇಲೆ ಈ ಪ್ರಯೋಗ.

ಓಹಾಯೋದ ಆ ಸೀಮೆಯ ಕಥೆಯನ್ನು ಕಾಕಾ ಹೇಳದ ಪಾಟ್‌ಲಕ್, ಅಂದರೆ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ, ಇರಲಿಲ್ಲ. ಯಾರೋ ಪಾಪ "ಅಂಕಲ್, ಚಿತ್ರಾನ್ನ ಹಾಕ್ಕೊಳ್ಳಿ" ಎಂದರೆ ಸಾಕು, ತಟ್ಟೆ ಹಿಡಿದುಕೊಂಡೇ ಆರಂಭ. ಒಂದಾನೊಂದು ಕಾಲದಲ್ಲಿ ಅಲ್ಲಿ ಬೆಟ್ಟದಷ್ಟು ದಪ್ಪನೆಯ ಹಿಮ ಇತ್ತು. ಅದು ಕರಗಿ ದೊಡ್ಡದೊಂದು ಕೆರೆಯಾಯಿತು. ನಿಂತ ನೀರಿನಲ್ಲಿ ಹಿಟ್ಟಿಗಿಂತ ನಯವಾದ ಜೇಡಿ ಮೆಲ್ಲಗೆ ಕೆಳಗಿಳಿದು ಪದರ ಪದರವಾಗಿ ಕೂತಿತು. ಆಮೇಲೆ ಕೆರೆ ಹಿಂದೆ ಸರಿಯಿತು, ತಳ ಉಳಿಯಿತು. ರೊಟ್ಟಿ ಬಡಿಯುವ ಹಲಗೆಯಂಥ ಸಪಾಟು ನೆಲ! ಮಳೆ ಬಿದ್ದರೆ ನೀರು ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಯೋಚಿಸುತ್ತಾ ಅಲ್ಲೇ ನಿಂತುಬಿಡುತ್ತದೆ. ಹೊಲದ ಕೆಳಗೆ ಕೊಳವೆ ಹೂತು ನೀರನ್ನು ಕೈಹಿಡಿದು ಹೊರಗೆ ಕರೆದೊಯ್ಯದಿದ್ದರೆ ರೈತನಿಗೆ ಬೆಳೆಯೇ ಇಲ್ಲ. ಒದ್ದೆಯಾದರೆ ಬೂಟು ಕಿತ್ತುಕೊಳ್ಳುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ.

"ಕೆರಿ ಹೋಗಿ ಸಾವಿರಾರು ವರ್ಷ ಆತು" ಎಂದು ಕಾಕಾ ಮುಗಿಸುತ್ತಿದ್ದರು. "ಆದರ ಆ ಮಣ್ಣಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿಲ್ಲ."

ಅಷ್ಟರಲ್ಲಿ ಚಿತ್ರಾನ್ನ ಆರಿರುತ್ತಿತ್ತು.

ಅವರ ಇನ್ನೊಂದು ಅಭ್ಯಾಸವೆಂದರೆ ಬೆರಳಿನ ಪರೀಕ್ಷೆ. ಒಂದು ಚಿಟಿಕೆ ಮಣ್ಣಿಗೆ ನೀರು ಸೋಕಿಸಿ, ನಾದಿ, ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಒತ್ತುತ್ತಾ ಪಟ್ಟಿ ಎಳೆಯುವುದು. ಪಟ್ಟಿ ಉದ್ದ ಬಂದಷ್ಟೂ ಜೇಡಿ ಹೆಚ್ಚು, ಬೇಗ ಮುರಿದರೆ ಮರಳು ಹೆಚ್ಚು. ಗಣೇಶನ ಹಬ್ಬಕ್ಕೆ ಕನ್ನಡ ಮಕ್ಕಳಿಂದ ಮಣ್ಣಿನ ಗಣಪತಿ ಮಾಡಿಸುತ್ತಿದ್ದಾಗ ಕಾಕಾ ಒಂದು ಉಂಡೆ ಎತ್ತಿಕೊಂಡು ಮೊಣಕೈವರೆಗೂ ಬರುವಂಥ ಪಟ್ಟಿ ಎಳೆದರು.

"ಗಣಪತಿಗೆ ಫಸ್ಟ್ ಕ್ಲಾಸ್ ಮಣ್ಣು. ಮನಿ ಕಟ್ಟಾಕ ಥರ್ಡ್ ಕ್ಲಾಸ್."

ನಂತರ ರುಚಿಯನ್ನೂ ನೋಡಿದರು. ನನ್ನ ಮಗಳು ಇಂಚರ ಕಿರುಚಿದಳು: "ಅಜ್ಜಾ, ದಟ್ಸ್ ಸೋ ಗ್ರಾಸ್! ನೀವು ಗಣಪತಿ ಈಟ್ ಮಾಡಿದ್ರಿ!"

"ಹೊಟ್ಟಿ ಅಷ್ಟ ತಿಂದೀನಿ ಬಿಡವಾ, ಆತಗ ದೊಡ್ಡದಿತ್ತು."

ಇದೆಲ್ಲ ಹೋಗಲಿ ಎನ್ನಬಹುದು. ನಮ್ಮ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಹೋದಾಗ ಆದದ್ದನ್ನು ಹೇಗೆ ಹೋಗಲಿ ಎನ್ನಲಿ? ಒಳಗೆ ಹೋಮ ನಡೆಯುತ್ತಿದೆ. ಸ್ಮೋಕ್ ಅಲಾರಂ ಕೂಗದಂತೆ ಒಬ್ಬರು ಟವೆಲ್ ಬೀಸುತ್ತಿದ್ದಾರೆ. ಕಾಕಾ ಎಲ್ಲಿ ಎಂದು ನೋಡಿದರೆ ಹೊಸ ಮನೆಯ ಹೊಸ ಹುಲ್ಲುಹಾಸಿನ ನಟ್ಟನಡುವೆ ಮೊಣಕಾಲುದ್ದದ ಗುಂಡಿ ತೋಡಿ, ಸಾರಿನ ಪಾತ್ರೆಯಲ್ಲಿ ನೀರು ತಂದು ಸುರಿಯುತ್ತಿದ್ದಾರೆ! ಮನೆಯೊಡೆಯ ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು ಓಡಿಬಂದ.

"ಅಂಕಲ್, ಏನ್ಮಾಡ್ತಿದ್ದೀರಾ? ಈ ಲಾನ್ ಹಾಕ್ಸಿ ಇನ್ನೂ ಒಂದ್ ವಾರ ಆಗಿಲ್ಲ!"

"ಊಟ ಮುಗಿಯೂದ್ರಾಗ ನೀರು ಇಂಗಿದ್ರ ನಿಮ್ಮ ಮನಿ ಬಂಗಾರ. ಹೋಗ್ರಿ, ಪೂಜಾ ಮುಗಸ್ರಿ."

ಪೂಜೆ ಮುಗಿಯಿತು. ಊಟ ಮುಗಿಯಿತು. ಎಲೆ ಅಡಿಕೆ ಮುಗಿಯಿತು. ಮಕ್ಕಳು ಗುಂಡಿಯಲ್ಲಿ ಕಾಗದದ ದೋಣಿ ಬಿಟ್ಟರು. ಕಾಕಾ ಕೈ ತೊಳೆದು ಬಂದು ಗುಂಡಿಯನ್ನು ನೋಡಿ, ಎಲ್ಲರೂ ಕೇಳುವಂತೆ ತೀರ್ಪು ಕೊಟ್ಟರು: "ಹೋಳಿಗಿ ಅರಗಿತು, ನೀರು ಅರಗಲಿಲ್ಲ."

ಆ ಗೆಳೆಯ ನಮ್ಮೊಂದಿಗೆ ಮಾತು ಬಿಟ್ಟ. ಮೊದಲ ದೊಡ್ಡ ಮಳೆಯ ಮರುದಿನ ಫೋನ್ ಮಾಡಿದ. ನನಗಲ್ಲ, ಕಾಕಾಗೆ: "ಅಂಕಲ್, ಸ್ವಲ್ಪ ಬರ್ತೀರಾ?"

ಗೃಹಪ್ರವೇಶದ ದಿನ ಮನೆಗೆ ಬರುವಾಗ ಕಾರಿನಲ್ಲಿ ನಾನು ಮೆಲ್ಲಗೆ ಕಾಕುವನ್ನು ಕೇಳಿದೆ, ಇದೇನು ಹುಚ್ಚು ಎಂದು. ಕಾಕಾ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಾಕು ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳಿದರು.

"ನಂದ ತಪ್ಪು ನೋಡ್ರಿ. ಓಹಾಯೋದಾಗ ನಮ್ಮ ಗೆಳತಿ ಒಬ್ಬಾಕಿ ತೀರಿಕೊಂಡಳು. ಮಣ್ಣಿಗೆ ಹೋಗಿದ್ವಿ. ಗುಂಡಿ ತುಂಬ ನೀರು. ಮೋಟಾರ ಹಚ್ಚಿ ನೀರ ತಗದರು, ಮತ್ತ ತುಂಬಿತು. ಮತ್ತ ತಗದರು, ಮತ್ತ ತುಂಬಿತು. ಕಡೀಕ ಆ ನೀರಾಗ ಇಟ್ಟರು. ಮನಿಗೆ ಬಂದು ಇವರಿಗೆ ಹೇಳಿದೆ: ನನ್ನ ಹಾಂಗ ನೀರಾಗ ಇಟ್ಟೀರಿ ಅಂದ್ರ ಎದ್ದು ಬಂದು ಮಂದಿ ಮುಂದ ಬೈತೀನಿ!"

ಅವರಲ್ಲಿ ಸುಡುವುದಿಲ್ಲ. ಲಿಂಗಾಯತರು, ಮಣ್ಣಿಗೇ ಇಡಬೇಕು. ಗದಗಿಗೆ ಕಳಿಸಿಕೊಡಿ ಎನ್ನಲು ಅಲ್ಲಿ ತಮ್ಮವರು ಯಾರೂ ಉಳಿದಿಲ್ಲ. ಕಾಕುವಿಗೆ ಮೊದಲೇ ಒದ್ದೆ ಕಂಡರೆ ಆಗದು. ಬೇಸಿಗೆಯಲ್ಲೂ ಕಾಲಿಗೆ ಉಣ್ಣೆಯ ಸಾಕ್ಸ್. ಆ ಕೆರೆಯ ತಳದ ಮನೆಯಲ್ಲಿ ಬೇಸ್‌ಮೆಂಟಿನ ನೀರು ಎತ್ತಿ ಎತ್ತಿ ಸಾಕಾಗಿದ್ದ ಹೆಂಗಸು. ಅಂದರೆ ಕಾಕಾ ನಮ್ಮ ಊರಿಗೆ ಬಂದದ್ದು ಚಳಿಗೆ ಹೆದರಿ ಅಲ್ಲ, ನಮ್ಮ ಮೇಲಿನ ಪ್ರೀತಿಗೂ ಅಲ್ಲ. ಹೆಂಡತಿಯ ಕಾಲು ಕೊನೆಗೂ ಬೆಚ್ಚಗಿರುವಂಥ ಒಂದು ಒಣ ಜಾಗ ಹುಡುಕಲು! ಬಂದ ಊರಾದರೋ ಡೈನೋಸಾರ್‌ಗಳ ಕಾಲದ ಇನ್ನೊಂದು ಕೆರೆಯ ತಳ. ಗ್ರಹಚಾರ ಎಂದರೆ ಇದು.

ಅಂದಿನಿಂದ ವಾರಾಂತ್ಯಗಳಲ್ಲಿ ನಾನು ಡ್ರೈವರ್. ಬೇರೆಯವರ ಅಳಿಯಂದಿರು ಹಿರಿಯರನ್ನು ದೇವಸ್ಥಾನಕ್ಕೋ ಕಾಸ್ಟ್ಕೋ ಅಂಗಡಿಗೋ ಕರೆದೊಯ್ಯುತ್ತಾರೆ. ನಾನು ಸ್ಮಶಾನದಿಂದ ಸ್ಮಶಾನಕ್ಕೆ. ಡಿಕ್ಕಿಯಲ್ಲಿ ಮಣ್ಣು ಕೊರೆಯುವ ಕಬ್ಬಿಣದ ಉದ್ದನೆಯ ತಿರುಪು, ಎರಡು ಕ್ಯಾನ್ ನೀರು, ಕಾಕುವಿಗೆ ಮಡಚುವ ಕುರ್ಚಿ, ಬುತ್ತಿ.

ಮೊದಲನೆಯದರಲ್ಲಿ ಟೈ ಕಟ್ಟಿದ ಹುಡುಗ ಬಣ್ಣದ ಹಾಳೆ ಬಿಡಿಸಿ, ಇದು ಅತ್ಯುತ್ತಮ ಸಾಲು, ಇಲ್ಲಿಂದ ಕೊಳ ಕಾಣುತ್ತದೆ ಎಂದ. ಕಾಕಾ ಅವನ ಭುಜ ತಟ್ಟಿ ಇಂಗ್ಲಿಷಿನಲ್ಲಿ ಹೇಳಿದರು: "ಮಗಾ, ನಾನು ಜೀವಮಾನವೆಲ್ಲ ಕೆರೆಯನ್ನೇ ನೋಡಿದ್ದೇನೆ. ಕೆರೆ ಕಾಣದ ಸಾಲು ತೋರಿಸು."

ಎರಡನೆಯದರಲ್ಲಿ, ಜಾಗ ಯಾವಾಗ ಬೇಕಾಗಬಹುದು ಎಂದು ಅಲ್ಲಿಯವರು ಸಂಕೋಚದಿಂದ ಕೇಳಿದರು. "ಅವಸರವಿಲ್ಲ, ಮೊದಲು ನೀರು ಇಂಗಲಿ" ಎಂದರು ಕಾಕಾ. ತಿರುಪು ಮೇಲಕ್ಕೆ ಬಂದಾಗ ಅದರ ತುದಿಯಲ್ಲಿದ್ದದ್ದು ಬೂದಿ ಬಣ್ಣದ ಮಣ್ಣು, ನಡುನಡುವೆ ತುಕ್ಕಿನ ಚುಕ್ಕಿ. ಕಾಕಾ ಅದನ್ನು ಮೂಸಿ ತಲೆಯಾಡಿಸಿದರು. ಗಾಳಿ ಆಡುವ ಮಣ್ಣಿಗೆ ಕೆಂಪೋ ಕಂದೋ ಬಣ್ಣ ಇರುತ್ತದಂತೆ. ನೀರು ನಿಂತು ಉಸಿರು ಕಟ್ಟಿದ್ದಕ್ಕೆ ಮಾತ್ರ ಈ ಹೆಣದ ಬಣ್ಣ.

ಮೂರನೆಯದರಲ್ಲಿ, ಮಣ್ಣಿನ ಚಿಂತೆಯೇ ಬೇಡ, ನಾವು ಎಲ್ಲರನ್ನೂ ಕಾಂಕ್ರೀಟ್ ಡಬ್ಬಿಯೊಳಗೆ ಇಟ್ಟು ಮುಚ್ಚುತ್ತೇವೆ, ಒಂದು ಹನಿಯೂ ಇಳಿಯದು ಎಂದು ಭರವಸೆ ಕೊಟ್ಟರು. ನಾನು ಕನ್ನಡಕ್ಕೆ ತಿರುಗಿಸಿದೆ. ಕಾಕು ಕುರ್ಚಿಯಿಂದ ಎದ್ದೇಬಿಟ್ಟರು.

"ನಾ ಏನ್ ಉಪ್ಪಿನಕಾಯಿ ಏನ್ರಿ, ಭರಣ್ಯಾಗ ಹಾಕಿ ಮುಚ್ಚಾಕ?"

ಕೊನೆಗೆ ಸಿಕ್ಕಿದ್ದು ದಕ್ಷಿಣಕ್ಕೆ ಒಂದು ಗಂಟೆಯ ದಾರಿ, ಪೈನ್ ಮರಗಳಿರುವ ಮರಳುಗುಡ್ಡದ ಸೀಮೆಯಲ್ಲಿ. ಡಬ್ಬಿಯಿಲ್ಲದೆ ನೇರ ಮಣ್ಣಿಗೇ ಇಡುವ ಸಣ್ಣ ಜಾಗ. ನೋಡಿಕೊಳ್ಳುವವನು ಡಾರೆಲ್ ಎಂಬ ಆರಡಿಯ ಮನುಷ್ಯ. ಕೊರೆಯಬಹುದೇ ಎಂದರೆ ಕೊರೆಯಿರಿ ಎಂದ. ನಮ್ಮಲ್ಲಿ ಕೂರಿಸಿ ಇಡುತ್ತಾರೆ ಎಂದು ಕಾಕಾ ಹೇಳಿದರೆ, "ಕೂರಿಸಿ, ನಿಲ್ಲಿಸಿ, ನಿಮ್ಮಿಷ್ಟ. ಪೈನ್ ಮರದ ಬೇರು ಮಾತ್ರ ಕಡಿಯಬೇಡಿ" ಎಂದ.

ಕಾಕಾ ಗುಂಡಿಗೆ ನೀರು ಸುರಿದರು. ಕಾಕು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ. ಡಾರೆಲ್‌ಗೂ ಒಂದು ರೊಟ್ಟಿ ಹೋಯಿತು. ಅವನು ಅದನ್ನು ಎರಡೂ ಬದಿ ತಿರುಗಿಸಿ ನೋಡುತ್ತಿದ್ದಾಗಲೇ ಕಾಕಾ ಕೂಗಿದರು: "ಹೋತು! ನೋಡ್ರಿ, ನೀರು ಹೋತು!" ಎಪ್ಪತ್ತು ದಾಟಿದ ಮನುಷ್ಯ ಖಾಲಿ ಗುಂಡಿಯ ಸುತ್ತ ಕುಣಿದದ್ದನ್ನು ನಾನು ನೋಡಿದ್ದೇನೆ. ಆ ಮಣ್ಣಿನಲ್ಲಿ ಬೆರಳಿನ ಪಟ್ಟಿ ಏಳಲೇ ಇಲ್ಲ, ಉದುರಿಹೋಯಿತು. ಹಲ್ಲಿಗೆ ಕರಕರ ಎಂದದ್ದು ನನ್ನ ಕಿವಿಗೇ ಕೇಳಿಸಿತು.

"ಇಲ್ಲಿ ಕಾಲ ಬೆಚ್ಚಗ ಇರ್ತಾವ" ಎಂದು ಕಾಕು ಒಪ್ಪಿಗೆ ಕೊಟ್ಟರು.

ಇಳಿಜಾರಿನಲ್ಲಿ ಒಂದಕ್ಕೊಂದು ತಾಗಿದ ಎರಡು ಜಾಗ. ಒಂದು ಮೇಲೆ, ಒಂದು ಕೆಳಗೆ. ಮೇಲಿನದು ಯಾರಿಗೆ ಎಂದು ಡಾರೆಲ್ ಕೇಳಿದ. ಕಾಕಾ ಕೆಳಗಿನದರಲ್ಲಿ ತಮ್ಮ ತಿರುಪು ನೆಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಮಣ್ಣು ಎಷ್ಟಂದ್ರೂ ಮಣ್ಣ ಅಳಿಯಾರ. ನಂಬಾಕ ಆಗೂದಿಲ್ಲ. ನೀರು ಕೆಳಗಿಂದ ಏರಿ ಬರೂದ ಆದ್ರ ಮೊದಲ ನನ್ನ ಕಡೆ ಬರ್ಲಿ."

ಮರುವರ್ಷ ಶ್ರಾವಣದಲ್ಲಿ ಕಾಕಾ ಹೋದರು. ಬೆಳಗಿನ ಚಹಾ ಕುಡಿದು, ಕುರ್ಚಿಯಲ್ಲಿ ಕೂತಲ್ಲೇ. ಕರಾವಳಿಯ ಚಂಡಮಾರುತದ ಬಾಲವೊಂದು ನಮ್ಮ ಮೇಲೆ ಹಾದು, ಮಣ್ಣು ಮಾಡುವ ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ನಮ್ಮ ಹಿತ್ತಲು ಕೆರೆಯಾಗಿತ್ತು. ಮರಳುಗುಡ್ಡದ ದಾರಿಯುದ್ದಕ್ಕೂ ನಾನು ಒಂದೇ ಮಾತು ಯೋಚಿಸುತ್ತಿದ್ದೆ, ಗುಂಡಿಯಲ್ಲಿ ನೀರಿದ್ದರೆ?

ನಾನು ನಿಂತಿದ್ದದ್ದು ಗುಂಡಿಯ ಪೂರ್ವದ ಅಂಚಿನಲ್ಲಿ, ಡಾರೆಲ್‌ನ ಎಡಕ್ಕೆ. ಮಳೆ ಆಗಷ್ಟೇ ನಿಂತಿತ್ತು. ಬಗ್ಗಿ ನೋಡಲು ಧೈರ್ಯ ಸಾಲದೆ ಪೈನ್ ಮರದ ತುದಿ ನೋಡುತ್ತಿದ್ದೆ.

ಕಾಕು ಬಗ್ಗಿದರು. ಗುಂಡಿಯಿಂದ ತೆಗೆದ ಮಣ್ಣಿನಲ್ಲಿ ಒಂದು ಚಿಟಿಕೆ ಎತ್ತಿಕೊಂಡರು. ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಒತ್ತಿ ಪಟ್ಟಿ ಎಳೆದರು. ಅದು ಏಳಲಿಲ್ಲ, ಉದುರಿತು. ಉಳಿದಷ್ಟನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಗ್ರಾಸ್" ಎಂದು ಇಂಚರ ಕೂಡ ಅನ್ನಲಿಲ್ಲ.

"ಕರಕರ ಅಂತೈತಿ" ಎಂದರು ಕಾಕು. ನಮಗೆ ಹೇಳಿದ್ದಲ್ಲ, ಕೆಳಗೆ ವಿಭೂತಿ ಹಚ್ಚಿಸಿಕೊಂಡು ಕೂತವರಿಗೆ ಹೇಳಿದ್ದು. "ಕಾಳಜಿ ಮಾಡಬ್ಯಾಡ್ರಿ. ಒಣಗೈತಿ."

ಆಮೇಲೆ ಮೊದಲ ಹಿಡಿ ಮಣ್ಣು ಹಾಕಿದರು.

ನಾನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ಅನ್ನಿಸಿದರೆ ಕೇಳಿ ನೋಡಬಹುದು, ಕಂಡವರು ಎಲ್ಲರೂ ಇದ್ದಾರೆ. ಡಾರೆಲ್ ಇದ್ದಾನೆ, ಹೋದಾಗಲೆಲ್ಲ ರೊಟ್ಟಿ ತಂದಿರಾ ಎಂದು ಕೇಳುತ್ತಾನೆ. ಶೈಲಾ ಇದ್ದಾಳೆ. ಇಂಚರ ಇದ್ದಾಳೆ. ಕಾಕು ಇದ್ದಾರೆ, ಉಣ್ಣೆಯ ಸಾಕ್ಸ್ ಹಾಕಿಕೊಂಡು. ಮೇಲಿನ ಜಾಗ ಇನ್ನೂ ಖಾಲಿ ಇದೆ.