ಡೊರಥಿಯ ಮಹಾಗನಿ ಮೇಜಿಗೆ ನಾನು ಮಾಡಿದ ಆಯುಧಪೂಜೆ

ಅಮೆರಿಕದ ಫಾಸ್ಟರ್ ಸಿಟಿಯ ನಮ್ಮ ಮನೆಯಲ್ಲಿ ನನಗಿಂತ ಹಳೆಯ ವಸ್ತು ಒಂದೂ ಇರಲಿಲ್ಲ. ಎರಡು ಸೂಟ್‌ಕೇಸ್ ಹಿಡಿದು ಬಂದವರ ಮನೆಯಲ್ಲಿ ಇರುವುದಾದರೂ ಹೇಗೆ? ಕುರ್ಚಿ ಮೇಜುಗಳೆಲ್ಲ ಡಬ್ಬದಲ್ಲಿ ಬಂದು, ನನ್ನ ಕೈಯಿಂದ ಜೋಡಣೆಗೊಂಡು, ಇಂದಿಗೂ ಅಲ್ಲಾಡುತ್ತಿವೆ. ತಾತ ಮುತ್ತಾತಂದಿರು ಮುಟ್ಟಿದ ಒಂದು ವಸ್ತು ಬೇಕೆಂದು ನನಗೆ ಬಹಳ ಆಸೆ. ಯಾರ ಮುತ್ತಾತನಾದರೂ ಸರಿ!

ಹಾಗಾಗಿ, ವೃದ್ಧಾಶ್ರಮಕ್ಕೆ ಹೊರಟಿದ್ದ ಪಕ್ಕದ ಮನೆಯ ಡೊರಥಿ ತಮ್ಮ ತಾತನ ಕಾಲದ ಮಹಾಗನಿ ಮೇಜನ್ನು, ಅದರ ಮೇಲಿನ ಪುಸ್ತಕದ ಬೀರು ಸಮೇತ ನನಗೇ ಕೊಟ್ಟಾಗ ನಾನು ಹಿಗ್ಗಿಹೋದೆ. ಅವರ ಷರತ್ತು ಒಂದೇ: “ಹೇಗಿದೆಯೋ ಹಾಗೇ ಇರಲಿ. ಮನೆ ನೆನಪಾದಾಗ ನೋಡಲು ಬರುತ್ತೇನೆ.”

ಇಷ್ಟೂ ಆಗದೇ ನನ್ನಿಂದ? ಅಷ್ಟರಲ್ಲಿ ಆಯುಧಪೂಜೆ ಬಂತು.

“ಬಟ್ಟೇಲಿ ಒರೆಸಿದ್ರೆ ಸಾಕು ರೀ,” ಎಂದಳು ನನ್ನ ಹೆಂಡತಿ ಸುಧಾ.

“ಪೂಜೆಗೆ ಕೊಳೆ ಸಮೇತ ಇಡಕ್ಕಾಗತ್ತೇನೇ?”

ಹಿತ್ತಾಳೆ ದೀಪಗಳನ್ನು ತಿಕ್ಕಿ ಬೆಳಗಲು ಅವಳು ಕಲಸಿಟ್ಟಿದ್ದ ಹುಣಸೆಹಣ್ಣು, ಸೀಗೆಪುಡಿಯನ್ನು ಎತ್ತಿಕೊಂಡು ಹೋಗಿ ಕಾರ್ಯಾಚರಣೆ ಆರಂಭಿಸಿದೆ. ದೊಡ್ಡ ಡ್ರಾಯರಿನ ತಳದಲ್ಲಿ ಪೆನ್ಸಿಲಿನ ಸೊಟ್ಟ ಗೀಚುಗಳಿದ್ದವು. ಯಾವುದೋ ತುಂಟ ಮಗುವಿನ ಕೆಲಸವೆಂದು ತಿಕ್ಕಿದೆ. ಹೋಗಲಿಲ್ಲ. ಸ್ಕ್ರಬರ್ ತಂದು ತಿಕ್ಕಿದೆ. ಹೋಯಿತು! ಆಮೇಲೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಡೊರಥಿಯನ್ನು ಕಾರಿನಲ್ಲಿ ಕರೆತಂದೆ.

ಕುಂಕುಮ ನೋಡಿ ಅವರು ನಕ್ಕರು. ನಂತರ ಡ್ರಾಯರು ಎಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ನಮ್ಮ ಹೆಸರುಗಳೆಲ್ಲಿ? ಬರೆಯಲು ಕಲಿತ ಮಕ್ಕಳೆಲ್ಲ ಮೊದಲ ಸಲ ಹೆಸರು ಬರೆಯುತ್ತಿದ್ದದ್ದು ಇಲ್ಲೇ. ಅಪ್ಪ, ನಾನು, ನನ್ನ ತಮ್ಮ ಟಾಮಿ. ಅವನು ಒಂದು ಅಕ್ಷರ ತಿರುಗಿಸಿ ಬರೆದಿದ್ದ. ಅವನ ಕೈಬರಹ ಅಂತ ಉಳಿದಿದ್ದು ಅದೊಂದೇ.”

“ಅಯ್ಯೋ, ಅದು ಅವರ ಮನೆ ಅಕ್ಷರಾಭ್ಯಾಸ ಕಣ್ರೀ!” ಎಂದಳು ಸುಧಾ.

ಬೇರೆಯವರ ಮನೆತನಕ್ಕೆ ಆಸೆಪಟ್ಟು, ಸಿಕ್ಕಿದ ವಾರದಲ್ಲೇ ಅದನ್ನು ತೊಳೆದುಹಾಕಿದ್ದೆ. “ಸಾರಿ” ಎಂದೆ. ಎಷ್ಟು ಸಣ್ಣ ಮಾತು ಅದು!

ಡೊರಥಿ ಬಹಳ ಹೊತ್ತು ತಳದ ಹಲಗೆಯನ್ನು ಸವರುತ್ತಿದ್ದರು. ಆಮೇಲೆ ಪೆನ್ಸಿಲ್ ಕೇಳಿದರು. ಅಪ್ಪನ ಹೆಸರು, ತಮ್ಮದೇ ಹೆಸರು ಬರೆದರು. ಟಾಮಿಯ ಹೆಸರಿನಲ್ಲಿ ಒಂದು ಅಕ್ಷರವನ್ನು ಬೇಕೆಂದೇ ತಿರುಗಿಸಿದರು. ಕೊನೆಗೆ ಪೆನ್ಸಿಲನ್ನು ನನ್ನತ್ತ ಚಾಚಿದರು.

“ಈಗ ನಿನ್ನದು.”

ನನ್ನ ಕಣ್ಣು ತುಂಬಿ ಬಂತು. ಮೂರು ತಲೆಮಾರಿನ ಮೇಜಿನಲ್ಲಿ ನನ್ನ ಹೆಸರು! ದುಂಡಗೆ ಬರೆದೆ.

ಡೊರಥಿ ಪೆನ್ಸಿಲ್ ವಾಪಸು ಇಸಿದುಕೊಂಡು, ಅದರ ಪಕ್ಕದಲ್ಲಿ ಒಂದು ಸಾಲು ಸೇರಿಸಿದರು: “ಉಳಿದವರನ್ನೆಲ್ಲ ಅಳಿಸಿದವನು.”