ತೊರ್ಗ್ರಿಮ್‌ನ ಹರಾಜು

ಹಡಗಿನ ದುಡ್ಡಿಗಾಗಿ ತೊರ್ಗ್ರಿಮ್ ಮನೆಯ ಸಾಮಾನನ್ನೆಲ್ಲ ಹರಾಜಿಗಿಟ್ಟ. ತೊಂದರೆ ಶುರುವಾದದ್ದೇ ಅಲ್ಲಿ: ಕೊಳ್ಳಲು ಬಂದವರೆಲ್ಲ ಅವನ ನೆಂಟರು.

ಆ ವರ್ಷ ಅರ್ಧ ನಾರ್ವೆಯೇ ಅಮೆರಿಕದ ದಾರಿ ಹಿಡಿದಂತಿತ್ತು. ತೊರ್ಗ್ರಿಮ್ ಮದುವೆಯಾಗಬೇಕಿದ್ದ ರಾಗ್ನಿಲ್ ಮೊದಲೇ ಹೋಗಿ ಸೇರಿದ್ದಳು. 'ಈ ವಸಂತದ ಹಡಗಿಗೆ ಬಾ. ಇಲ್ಲೊಬ್ಬ ಗಿರಣಿಯವನು ದಿನಾ ಕೇಳುತ್ತಿದ್ದಾನೆ' ಎಂದು ಹೇಳಿಕಳಿಸಿದ್ದಳು. ಆ ಹಡಗು ಇವತ್ತು ಸಂಜೆಯೇ ಹೊರಡುವುದು.

ನೆಂಟರು ಕೈಬಿಡಲಿಲ್ಲ. ಒಡಕು ಕಡಾಯಿಗೆ ಹೊಸ ಕಡಾಯಿಯ ಬೆಲೆ ಬಂತು. ಗುನ್‌ವೊರ್ ಅತ್ತೆಯಂತೂ ಎಂದೋ ನಿಂತುಹೋಗಿದ್ದ ಆಳೆತ್ತರದ ಗಡಿಯಾರಕ್ಕೆ ತನ್ನ ಕೂಗನ್ನು ತಾನೇ ಏರಿಸುತ್ತ ಹೋದಳು.

"ಅತ್ತೇ, ನಿನ್ನ ಬಿಟ್ರೆ ಬೇರೆ ಯಾರೂ ಕೂಗ್ತಿಲ್ಲ!"

"ಸುಮ್ನಿರೋ! ಅಣ್ಣನ ಮಗ ಹೊರಟಿದ್ದಾನೆ, ಚೌಕಾಸಿ ಮಾಡ್ಲಾ ನಾನು?"

ಮಧ್ಯಾಹ್ನದ ಹೊತ್ತಿಗೆ ಟಿಕೆಟ್ಟಿನ ದುಡ್ಡು ಕೂಡಿತು. "ನೀನು ಟೋಪೀನ ತಲೆ ಮೇಲಿಟ್ಕೊಂಡೇ ಹುಡುಕೋನು" ಎಂದು ಅತ್ತೆ ಹಣದ ಚೀಲ ಕಿತ್ತುಕೊಂಡು ಗಂಡ ಸೋಂಡ್ರೆಯ ಕೈಗಿತ್ತಳು.

ಹಡಗು ನಿಂತಿದ್ದ ದಕ್ಕೆಗೆ ಬಂದರೆ ಊರೇ ನೆರೆದಿತ್ತು.

"ಈ ಕಡಾಯಿ ನಂಗ್ಯಾಕೋ? ನಮ್ಮ ನೆನಪಿಗೆ ನೀನೇ ಇಟ್ಕೋ" ಎಂದ ಪಕ್ಕದ ಮನೆಯ ನೆಂಟ ಓಸ್ಮುಂಡ್.

ಹಿಂದೆಯೇ ಸಾಣೆಕಲ್ಲು, ಮಗ್ಗ, ಮಂಚ, ಗಡಿಯಾರ. ಬೆಳಿಗ್ಗೆ ಮಾರಿದ್ದೆಲ್ಲ ಹಬ್ಬಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಸಾಲಾಗಿ ವಾಪಸು ಬಂದವು.

"ಅಯ್ಯೋ, ಇಷ್ಟೆಲ್ಲ ಹೊತ್ಕೊಂಡು..."

"ಬೇಡ ಅಂತೀಯಾ?" ಅತ್ತೆಯ ಕಣ್ಣು ತುಂಬಿತು.

ಆಮೇಲೆ ಬೇಡವೆನ್ನುವ ಎದೆ ಯಾರಿಗಿದೆ? ಒಬ್ಬೊಬ್ಬರ ಕೈ ಕುಲುಕಿ ಕುಲುಕಿ ಅವನ ತೋಳು ಪಂಪಿನ ಹಿಡಿಯಂತಾಗಿತ್ತು. ಅಷ್ಟರಲ್ಲಿ ಸೋಂಡ್ರೆ ಮಾವ ಬೆವರೊರೆಸಿಕೊಳ್ಳುತ್ತ ಬಂದ.

"ಎಲ್ಲಾ ಹಡಗಿನ ಹೊಟ್ಟೆಗೆ ಇಳಿಸ್ಬಿಟ್ಟೆ ಕಣೋ. ಒಂದು ಗೀರೂ ಬಿದ್ದಿಲ್ಲ!"

"ದೊಡ್ಡ ಉಪಕಾರ ಮಾವ. ಚೀಲ ಕೊಡು, ಟಿಕೆಟ್ ತಗೋತೀನಿ."

ಮಾವ ಕೊಟ್ಟ. ಚೀಲ ಬತ್ತಿದ ಕೆಚ್ಚಲಿನಂತೆ ಜೋತುಬಿದ್ದಿತ್ತು.

"ದುಡ್ಡೆಲ್ಲಿ ಮಾವ?"

"ಸಾಮಾನಿಗೆ ಸಾಗಣೆ ದುಡ್ಡು ಕೊಡೋದು ಬೇಡ್ವೇನೋ? ಆ ಗಡಿಯಾರಕ್ಕೇ ಎಷ್ಟು ಕೇಳಿದ್ರು ಗೊತ್ತಾ! ನಿಂದು ಅಂತ ನಾನೂ ಚೌಕಾಸಿ ಮಾಡ್ಲಿಲ್ಲ."

ಹಡಗಿನ ಹಗ್ಗ ಬಿಚ್ಚಿದರು. ಮಂಚ, ಮಗ್ಗ, ಗಡಿಯಾರ ಅಮೆರಿಕಕ್ಕೆ ಹೊರಟವು. ಬೀಳ್ಕೊಡಲು ಬಂದ ಮೇಲೆ ಸುಮ್ಮನಿರುವುದು ಹೇಗೆಂದು ಊರೆಲ್ಲ ಅವಕ್ಕೇ ಕೈ ಬೀಸಿತು.

ಅತ್ತೆ ಅವನ ಬೆನ್ನು ತಟ್ಟಿದಳು. "ಕೊರಗ್ಬೇಡ ಮಗಾ. ನಾವಿಲ್ವಾ? ನಾಳೇನೇ ಇನ್ನೊಂದು ಹರಾಜು ಇಡು!"

ತೊರ್ಗ್ರಿಮ್ ತಲೆ ಮುಟ್ಟಿ ನೋಡಿಕೊಂಡ. ಟೋಪಿ ಇತ್ತು. ಹರಾಜಿಗೆ ಉಳಿದದ್ದು ಅದೊಂದೇ.