ಬೆಳಕಿನ ದಾರಿಗೆ ಅಡ್ಡ ಬಂದ ಮಂಜಿನವರಿಗೆ

ಮಾನ್ಯ ಮಂಜಿನವರೇ,

ಸ್ಪೇನಿನ ಲಾ ಗೋಮೆರಾ ದ್ವೀಪದ ನೆತ್ತಿಗೆ ಕರೆಯದೆಯೂ ದಯಮಾಡಿಸುವ ತಮ್ಮ ಶ್ವೇತಪಾದಗಳಿಗೆ, ಈ ಕಣಿವೆಯ ಲೇಸರ್ ಸಂಪರ್ಕ ನೋಡಿಕೊಳ್ಳುವ ಎಂಜಿನಿಯರ್ ಯುರೇನಾ ಪ್ಲಾಸೆನ್ಸಿಯಾಳ ಪ್ರಣಾಮಗಳು.

ಬೆಳಕಿನ ಬೆನ್ನೇರಿಸಿ ಮಾತು ಕಳಿಸುವ ಆಸೆ ಹಳೆಯದೆಂದು ತಾವು ಬಲ್ಲಿರಿ. ಸೈನಿಕರು ಕನ್ನಡಿಯಲ್ಲಿ ಬಿಸಿಲು ಮಿನುಗಿಸಿ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸಿದರು. ಟೆಲಿಫೋನು ಹುಟ್ಟಿದ ಕೆಲವೇ ವರ್ಷಗಳಲ್ಲಿ ಬಿಸಿಲಿನ ಕಿರಣದಲ್ಲೇ ದನಿ ಸಾಗಿಸಿದರು. ಲೇಸರ್ ಬಂದ ಮೇಲೆ ಚಂದ್ರನ ಬಳಿಯಿಂದಲೂ ಸಂದೇಶ ತರಿಸಿಕೊಂಡರು. ಈ ಕಡಿದಾದ ಕಣಿವೆಯಲ್ಲಿ ಕೇಬಲ್ ಎಳೆಯಲಾಗದೆ ನಾನೂ ನಮ್ಮೂರ ಚರ್ಚಿನ ಗೋಪುರದಿಂದ ಕಣಿವೆಯಾಚೆಯ ಆಸ್ಪತ್ರೆಗೆ ಕಿರಣ ಹಾಯಿಸಿದೆ. ಗೋಪುರ ಕೂದಲೆಳೆಯಷ್ಟು ಅಲುಗಿದರೂ ಗುರಿ ತಪ್ಪುತ್ತಿತ್ತು, ತಿದ್ದಿದೆ. ಸಹಾರಾದ ಧೂಳನ್ನು ಸಹಿಸಿದೆ, ಕಿರಣಕ್ಕೆ ಅಡ್ಡ ಹಾರುವ ಪಾರಿವಾಳಗಳ ಕಾಲು ಹಿಡಿದೆ. ಕೋಣೆ ತುಂಬಿದರೂ ಒಂದೆರಡು ಚಮಚ ನೀರಾಗದ ತಮ್ಮೆದುರು ಮಾತ್ರ ಸೋತೆ. ಚಂದ್ರನ ದೂರ ಗೆದ್ದ ಬೆಳಕನ್ನು ನಮ್ಮ ಕಣಿವೆಯಲ್ಲಿ ನುಂಗಿ ನೀರು ಕುಡಿದ ತಮ್ಮ ಪ್ರತಾಪಕ್ಕೆ ಜಯವಾಗಲಿ.

ಕಳೆದ ಮಂಗಳವಾರ ಊಟದ ಹೊತ್ತಿಗೆ ಎಲಾದಿಯೊ ಮಾವನಿಗೆ ಎದೆನೋವು ಬಂತು. ತೆರೆಯ ಮೇಲೆ ಆಸ್ಪತ್ರೆಯ ಡಾಕ್ಟರಮ್ಮ "ಎಡಗೈಯೂ ನೋಯ್ತಿದ್ಯಾ?" ಎಂದು ಕೇಳುತ್ತಿದ್ದಂತೆ ತಾವು ಚಿತ್ತೈಸಿದಿರಿ. ಡಾಕ್ಟರಮ್ಮ ಬಾಯಿ ತೆರೆದಂತೆಯೇ ಕಲ್ಲಾದರು. ಊರಿನ ಫೋನುಗಳೂ ಅದೇ ಕಿರಣವನ್ನು ನಂಬಿದ್ದವು, ಎಲ್ಲವೂ ಸತ್ತವು. ಮಾವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಗೋಪುರದತ್ತ ಓಡಲು ಹೊರಟಾಗ ಕಾರ್ಮಿತಾ ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು.

"ನಿನ್ನ ದೀಪಕ್ಕೆ ಪೊರೆ ಬಂದಿದೆ ಕಣೇ, ಅದನ್ನ ಬಿಡು! ಸಿಳ್ಳೆ ಹಾಕು. ನನ್ ಬಾಯಲ್ಲಿ ಹಲ್ಲಿಲ್ಲ!"

ಕಣಿವೆಯಾಚೆಗೂ ಮಾತು ಮುಟ್ಟಿಸುವ ನಮ್ಮ ದ್ವೀಪದ ಸಿಳ್ಳೆಮಾತನ್ನು ಶಾಲೆಯಲ್ಲಿ ಕಲಿತಿದ್ದೆ. ಬಾಯಿಗೆ ಬೆರಳಿಟ್ಟು ವರ್ಷಗಳಾಗಿದ್ದವು. ಮೊದಲು ಬರೀ ಗಾಳಿ ಬಂತು. ಆಮೇಲೆ ಮಾವನ ಹೆಸರು, ಎದೆನೋವು, ಡಾಕ್ಟರು ಎಂದು ಸಿಳ್ಳೆ ಹೊಡೆದೆ. ತಮ್ಮ ಹೊಟ್ಟೆಯೊಳಗಿಂದ, ಆಸ್ಪತ್ರೆಯ ಕಡೆಯಿಂದ, ಸಿಳ್ಳೆಯಲ್ಲೇ ಉತ್ತರ ಬಂತು: "ಹೊರಟ್ವಿ!"

ಡಾಕ್ಟರಮ್ಮನ ಜೀಪು ಬಂತು, ಮಾವ ಉಳಿದರು. ಕಣ್ಣು ಬಿಟ್ಟವರೇ ಹೇಳಿದ್ದು: "ಎಂಥಾ ಸಿಳ್ಳೆನೇ ಅದು? 'ಎಲಾದಿಯೊ ಕತ್ತೆ' ಅಂದಂಗೆ ಕೇಳಿಸ್ತು!" ನಾನು ನಗಲು ಹೋಗಿ ಅತ್ತುಬಿಟ್ಟೆ.

ತಮ್ಮನ್ನು ಕುಡಿದೇ ನಮ್ಮ ಕಾಡು ಬದುಕಿರುವುದರಿಂದ ಬರಬೇಡಿ ಎನ್ನಲಾರೆ. ಬರುವಾಗ ನನ್ನ ಕಿರಣಕ್ಕೆಂದು ಮೈಯಲ್ಲಿ ಅಂಗೈಯಗಲದ ಒಂದು ಕಿಂಡಿ ಬಿಟ್ಟುಕೊಂಡು ಬರಬೇಕಾಗಿ, ಸೀನು ಬಂದರೆ ಆಚೆ ತಿರುಗಿ ಸೀನಬೇಕಾಗಿ ಬೇಡಿಕೊಳ್ಳುತ್ತೇನೆ.

ತಮ್ಮೊಳಗೆ ದಾರಿ ಕಾಣದೆ ನಿಂತಿರುವ,
ತಮ್ಮ ವಿಶ್ವಾಸಿ,
ಯುರೇನಾ

ಮರೆತ ಮಾತು: ಇನ್ನು ಮುಂದೆ ತಾವು ಬಂದಾಗಲೆಲ್ಲ ತಾನೇ ಕೆಲಸಕ್ಕಿಳಿಯುವ ರೇಡಿಯೊ ಪೆಟ್ಟಿಗೆಯೊಂದನ್ನು ಲೇಸರ್ ಪಕ್ಕದಲ್ಲೇ ಕೂರಿಸಿದ್ದೇವೆ. ಅದಕ್ಕೆ ತಾವು ಲೆಕ್ಕಕ್ಕೇ ಇಲ್ಲ. ಅದು ಹೆದರುವುದು ಜೋರು ಮಳೆಗೆ ಮಾತ್ರ. ಈ ಸಂಗತಿಯನ್ನು ದಯವಿಟ್ಟು ಮಳೆರಾಯರ ಕಿವಿಗೆ ಹಾಕಬೇಡಿ.